ಇಬ್ಬರ ಕೊರಳಲ್ಲೂ ಒಂದೇ ತಾಯಿತ

ಕಳೆದ ವರ್ಷ ನನ್ನ ಸಂಶೋಧನೆಯ ಪ್ರಗತಿ ಪರಿಶೀಲನೆಯ ಸಭೆ ನಡೆಯಿತು. ಶೀತಲ ಸಮರದ ಕಾಲದ ಕಾದಂಬರಿಗಳ ಮೇಲಿನ ಅಧ್ಯಾಯವನ್ನು ಮಂಡಿಸಿ ಕೂತಿದ್ದೆ. ಪರಿಶೀಲಕರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಅಲ್ಲಮ್ಮಾ, 'ಡಾಕ್ಟರ್ ಜಿವಾಗೊ' ಮೇಲೆ ಮೂವತ್ತು ಪುಟ ಬರೆದಿದ್ದೀಯ. ಆ ಪುಸ್ತಕವನ್ನ ರಷ್ಯನ್ನಿನಲ್ಲಿ ಅಚ್ಚು ಹಾಕಿಸಿದ್ದು ಸಿಐಎ ಅಂತ ಗೊತ್ತು ತಾನೆ?" ಗೊತ್ತು ಸರ್, ಅಡಿಟಿಪ್ಪಣಿಯಲ್ಲಿ ಹಾಕಿದ್ದೀನಿ ಅಂದೆ. "ಅದೇನು ಅಡಿಟಿಪ್ಪಣಿಯಲ್ಲಿ ಹಾಕುವ ವಿಷಯವಾ?" ಅಂದರು. ಕೂತವರು ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಸಭೆ ಮುಗಿದ ಮೇಲೂ ನನ್ನನ್ನು ಬಿಡಲಿಲ್ಲ. ಒಂದು ಕೃತಿ ಯಾರ ದುಡ್ಡಿನಲ್ಲಿ ನಮ್ಮ ಕೈಗೆ ಬಂತು ಎನ್ನುವುದು ವಿಮರ್ಶೆಯ ಪ್ರಶ್ನೆಯೇ? ಹೌದಾದರೆ ಅದನ್ನು ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು? ಅಂದು ಉತ್ತರ ಹೊಳೆಯಲಿಲ್ಲ. ಈ ಬರಹ ಆ ಉತ್ತರದ ಹುಡುಕಾಟ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಹಿರೋಶಿಮಾದ ಮೇಲೆ ಬಾಂಬು ಬಿದ್ದ ಎರಡೇ ತಿಂಗಳಿಗೆ, 1945ರ ಅಕ್ಟೋಬರಿನಲ್ಲಿ, ಜಾರ್ಜ್ ಆರ್ವೆಲ್ 'ಟ್ರಿಬ್ಯೂನ್' ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಬಂಧ ಬರೆದ. ಅಣುಬಾಂಬು ಇರುವ ಎರಡು ಮೂರು ದೈತ್ಯ ರಾಷ್ಟ್ರಗಳು ಒಂದನ್ನೊಂದು ಗೆಲ್ಲಲಾರವು, ಒಂದರ ಮೇಲೊಂದು ಬೀಳುವ ಧೈರ್ಯವನ್ನೂ ಮಾಡಲಾರವು. ಹಾಗಾಗಿ ಹೆಸರಿಗೆ ಮಾತ್ರ ಶಾಂತಿಯಾದ ಒಂದು ಸ್ಥಿತಿ ಬಹುಕಾಲ ಉಳಿದೀತು ಎಂಬುದು ಅವನ ಊಹೆ. ಆ ಸ್ಥಿತಿಗೆ ಅವನು ಬಳಸಿದ ಮಾತೇ 'ಶೀತಲ ಸಮರ'. ಈ ಸಮರ ಎಲ್ಲರಿಗೂ ಶೀತಲವಾಗಿರಲಿಲ್ಲ ಎಂಬುದನ್ನು ಕೊರಿಯಾದವರನ್ನೋ ವಿಯೆಟ್ನಾಮಿನವರನ್ನೋ ಕೇಳಿದರೆ ಗೊತ್ತಾಗುತ್ತದೆ. ವಾಷಿಂಗ್ಟನ್ ಮತ್ತು ಮಾಸ್ಕೋ ಮಾತ್ರ ನೇರವಾಗಿ ಗುಂಡು ಹಾರಿಸಿಕೊಳ್ಳಲಿಲ್ಲ. ಹಾರಿಸಲಾಗದ ಗುಂಡಿನ ಜಾಗಕ್ಕೆ ಬೇರೆ ಏನೇನೋ ಬಂತು: ಬಾಹ್ಯಾಕಾಶ ನೌಕೆ, ಚದುರಂಗ, ಒಲಿಂಪಿಕ್ಸ್, ಗೋಧಿ. ಅವುಗಳ ಜೊತೆಗೆ ಪುಸ್ತಕವೂ ಬಂತು.

ಬೋರಿಸ್ ಪಾಸ್ತರ್ನಾಕ್ ಮೂಲತಃ ಕವಿ. ಹತ್ತು ವರ್ಷ ಕೂತು ಬರೆದ ಕಾದಂಬರಿಯನ್ನು ಅವನು 'ನೋವಿ ಮಿರ್' ಪತ್ರಿಕೆಗೆ ಕೊಟ್ಟ. 1956ರಲ್ಲಿ ಸಂಪಾದಕ ಮಂಡಳಿ ಅದನ್ನು ತಿರಸ್ಕರಿಸಿತು. ಅಷ್ಟರಲ್ಲಿ ಹಸ್ತಪ್ರತಿಯೊಂದು ಪೆರೆದೆಲ್ಕಿನೊದ ಅವನ ಮನೆಯಿಂದ ಇಟಲಿಯ ಪ್ರಕಾಶಕ ಫೆಲ್ಟ್ರಿನೆಲ್ಲಿಯ ಕೈ ಸೇರಿತ್ತು. ತಮಾಷೆಯೆಂದರೆ ಈ ಫೆಲ್ಟ್ರಿನೆಲ್ಲಿ ಸ್ವತಃ ಕಮ್ಯುನಿಸ್ಟ್. ಅವನ ಪಕ್ಷದವರೂ ಮಾಸ್ಕೋದವರೂ ಎಷ್ಟು ಒತ್ತಡ ಹಾಕಿದರೂ ಬಗ್ಗದೆ 1957ರ ನವೆಂಬರಿನಲ್ಲಿ ಇಟಾಲಿಯನ್ ಅನುವಾದವನ್ನು ಹೊರತಂದ. ಮುಂದಿನ ವರ್ಷ ಸಿಐಎ ಹಾಲೆಂಡಿನ ಅಚ್ಚುಕೂಟವೊಂದರಲ್ಲಿ ಗುಟ್ಟಾಗಿ ರಷ್ಯನ್ ಆವೃತ್ತಿ ಮುದ್ರಿಸಿತು. ಬ್ರಸೆಲ್ಸ್‌ನ ವಿಶ್ವ ವಸ್ತುಪ್ರದರ್ಶನಕ್ಕೆ ಬಂದ ಸೋವಿಯತ್ ಪ್ರವಾಸಿಗಳಿಗೆ ವ್ಯಾಟಿಕನ್ ಮಳಿಗೆಯಲ್ಲಿ ಅದನ್ನು ಕೈಗಿಡಲಾಯಿತು. ಆ ಮಳಿಗೆಗೆ ಹೋದ ಪ್ರತಿಗಳು 365. ಕೆಲವರು ಅದರ ನೀಲಿ ಬಟ್ಟೆಯ ರಟ್ಟನ್ನು ಕಿತ್ತೆಸೆದು, ಹಾಳೆಗಳನ್ನು ಭಾಗ ಮಾಡಿ ಜೇಬಿಗಿಳಿಸಿಕೊಂಡರಂತೆ. 1958ರ ಅಕ್ಟೋಬರ್ 23ರಂದು ನೊಬೆಲ್ ಘೋಷಣೆಯಾಯಿತು. 27ರಂದು ಲೇಖಕರ ಸಂಘ ಪಾಸ್ತರ್ನಾಕ್‌ನನ್ನು ಹೊರಹಾಕಿತು. 29ರಂದು ಅವನು ಪ್ರಶಸ್ತಿ ಬೇಡವೆಂದು ತಂತಿ ಕಳಿಸಿದ. 1960ರ ಮೇ ತಿಂಗಳಲ್ಲಿ ತೀರಿಕೊಂಡ. ಅವನ ಸ್ವಂತ ನಾಡಿನಲ್ಲಿ ಕಾದಂಬರಿ ಅಧಿಕೃತವಾಗಿ ಪ್ರಕಟವಾದದ್ದು 1988ರಲ್ಲಿ, ಅದೇ 'ನೋವಿ ಮಿರ್'ನಲ್ಲಿ. ಸಿಐಎಯ ಪಾತ್ರವನ್ನು ಹೇಳುವ ಕಡತಗಳು ಹೊರಬಿದ್ದದ್ದು 2014ರಲ್ಲಿ.

ಇಷ್ಟನ್ನು ಹೇಳಿದರೆ ಕತೆ ಮುಗಿದಂತೆ ಕಾಣುತ್ತದೆ. ಕಾದಂಬರಿಯೊಂದು ಆಯುಧವಾಯಿತು, ಕವಿಯೊಬ್ಬ ಬಲಿಯಾದ, ಅಷ್ಟೆ. ಆದರೆ ಕಡತಗಳನ್ನು ಓದುವಾಗ ನನಗೆ ಇನ್ನೊಂದು ವಿಷಯ ಕಂಡಿತು. ಶೀತಲ ಸಮರದ ಎರಡೂ ಬಣಗಳಲ್ಲಿ 'ಡಾಕ್ಟರ್ ಜಿವಾಗೊ'ಗೆ ನಿಜಕ್ಕೂ ಒಳ್ಳೆಯ ಓದುಗರು ಸಿಕ್ಕಿದ್ದರು. ಸಂಪಾದಕರು ಪಾಸ್ತರ್ನಾಕ್‌ಗೆ ಬರೆದ ತಿರಸ್ಕಾರದ ಪತ್ರ ಎರಡು ಸಾಲಿನ ವಿಷಾದಪತ್ರವಲ್ಲ. ಅದೊಂದು ದೀರ್ಘ ವಿಮರ್ಶೆ. ಅಲ್ಲೊಂದು ಇಲ್ಲೊಂದು ಪುಟ ಕತ್ತರಿಸಿದರೆ ಸರಿಹೋಗುವಂಥದ್ದಲ್ಲ ಇದು, ಕ್ರಾಂತಿಯನ್ನು ಒಪ್ಪದಿರುವುದೇ ಈ ಕಾದಂಬರಿಯ ಉಸಿರು ಎಂದು ಅವರು ಗುರುತಿಸಿದ್ದರು. ಇತ್ತ ಸಿಐಎ ಅಧಿಕಾರಿಯೊಬ್ಬ 1958ರ ಒಳಟಿಪ್ಪಣಿಯಲ್ಲಿ ಬರೆದದ್ದರ ಸಾರವೂ ಹೆಚ್ಚುಕಡಿಮೆ ಇದೇ: ಇದರಲ್ಲಿ ದಂಗೆಗೆ ಕರೆಯಿಲ್ಲ, ಪ್ರತಿ ಮನುಷ್ಯನಿಗೂ ತನ್ನದೇ ಆದ ಖಾಸಗಿ ಬದುಕಿನ ಹಕ್ಕಿದೆ, ಅವನ ರಾಜಕೀಯ ನಿಷ್ಠೆ ಏನೇ ಇರಲಿ ಅವನಿಗೆ ಗೌರವ ಸಲ್ಲಬೇಕು ಎನ್ನುತ್ತದೆ, ಸೋವಿಯತ್ ವ್ಯವಸ್ಥೆಗೆ ಇದೇ ದೊಡ್ಡ ಸವಾಲು. ಒಬ್ಬರು ಅದೇ ಕಾರಣಕ್ಕೆ ಬಾಗಿಲು ಹಾಕಿದರು, ಇನ್ನೊಬ್ಬರು ಅದೇ ಕಾರಣಕ್ಕೆ ಅಚ್ಚು ಹಾಕಿಸಿದರು.

ಇವರಿಬ್ಬರ ನಡುವೆ ಓದದವರ ದೊಡ್ಡ ಸಂತೆಯೇ ನೆರೆದಿತ್ತು. ಓದಿಲ್ಲ, ಆದರೂ ಖಂಡಿಸುತ್ತೇನೆ ಎಂಬ ಮಾತು ರಷ್ಯನ್ನಿನಲ್ಲಿ ಗಾದೆಯಾಗಿ ನಿಂತದ್ದು ಈ ಪ್ರಕರಣದಿಂದಲೇ. ಆಗ ಅಧಿಕಾರದಲ್ಲಿದ್ದ ಕ್ರುಶ್ಚೇವ್ ಕೂಡ, ನಿಷೇಧಿಸುವ ಮೊದಲು ತಾನೇ ಓದಬೇಕಿತ್ತು ಎಂದು ನಿವೃತ್ತನಾದ ಮೇಲೆ ನೆನಪುಗಳಲ್ಲಿ ಹಳಹಳಿಸಿದ. ಪಶ್ಚಿಮದಲ್ಲಿ ಮುಗಿಬಿದ್ದು ಕೊಂಡವರಲ್ಲೂ ಎಷ್ಟು ಜನ ಕೊನೆಯ ಪುಟ ಮುಟ್ಟಿದರೋ! ಪರವಾಗಿದ್ದವರಿಗೆ ಅದನ್ನು ಹೊಗಳುವುದೇ ಒಂದು ರಾಜಕೀಯ ಕೆಲಸವಾಗಿತ್ತು, ವಿರೋಧಿಸಿದವರಿಗೆ ತೆಗಳುವುದು. ಇದು ಒಳ್ಳೆಯ ಕಾದಂಬರಿಯೇ ಎಂಬ ಸರಳ ಪ್ರಶ್ನೆ ಕೇಳಲು ಜಾಗವೇ ಉಳಿದಿರಲಿಲ್ಲ. ಕೇಳಿದ ಕೆಲವರಲ್ಲಿ ನಬಕೋವ್ ಒಬ್ಬ. ಸೋವಿಯತ್ ವ್ಯವಸ್ಥೆಯನ್ನು ಒಂದು ದಿನವೂ ಸಹಿಸದ ಅವನು ಈ ಕಾದಂಬರಿಯನ್ನೂ ಸಹಿಸಲಿಲ್ಲ. ಅತಿಭಾವುಕ, ಅಡ್ಡಾದಿಡ್ಡಿ ಎಂದು ತಳ್ಳಿಹಾಕಿದ.

ನಾನು ಓದಿರುವುದು ಇಂಗ್ಲಿಷ್ ಅನುವಾದಗಳಲ್ಲಿ. ಆ ಮಿತಿಯೊಳಗೇ ಹೇಳುವುದಾದರೆ ನಬಕೋವ್ ಪೂರ್ತಿ ತಪ್ಪಲ್ಲ. ಇಷ್ಟು ದೊಡ್ಡ ರಷ್ಯಾದಲ್ಲಿ ಪಾತ್ರಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಂತೆ ಮತ್ತೆ ಮತ್ತೆ ಆಕಸ್ಮಿಕವಾಗಿ ಎದುರಾಗುತ್ತವೆ. ಯಾರು ಬಾಯಿ ತೆರೆದರೂ ಕವಿ ಪಾಸ್ತರ್ನಾಕ್‌ನ ದನಿಯೇ ಕೇಳುತ್ತದೆ. ಹೆಂಡತಿ ತೋನ್ಯಾಳನ್ನೂ, ಕೊನೆಯಲ್ಲಿ ಬಂದು ಅವನ ಮಕ್ಕಳನ್ನು ಹೆರುವ ಮರೀನಾಳನ್ನೂ ಕಾದಂಬರಿ ಮರೆತೇಬಿಡುವ ರೀತಿ ನನಗೆ ಪ್ರತಿ ಓದಿನಲ್ಲೂ ಕಸಿವಿಸಿ ತರುತ್ತದೆ. ಖಾಸಗಿ ಬದುಕಿನ ಹಕ್ಕನ್ನು ಎತ್ತಿಹಿಡಿಯುವ ಈ ಕಾದಂಬರಿಯಲ್ಲಿ ಆ ಹಕ್ಕಿನ ಲೆಕ್ಕವನ್ನು ತೀರಿಸುವವರು ಹೆಚ್ಚಾಗಿ ಹೆಂಗಸರೇ.

ಹಾಗಾದರೆ ಮೂವತ್ತು ಪುಟ ಯಾಕೆ ಬರೆದೆ? ಒಂದು ದೃಶ್ಯಕ್ಕಾಗಿ.

ಅಂತರ್ಯುದ್ಧದ ಕಾಲ. ಸೈಬೀರಿಯಾದ ಕಾಡಿನಲ್ಲಿ ಕೆಂಪು ಗೆರಿಲ್ಲಾಗಳು ಜಿವಾಗೊನನ್ನು ಹಿಡಿದು ತಮ್ಮ ವೈದ್ಯನನ್ನಾಗಿ ಇಟ್ಟುಕೊಂಡಿದ್ದಾರೆ. ಒಂದು ದಿನ ಕಾಳಗದ ನಡುವೆ ಸಿಕ್ಕಿಕೊಳ್ಳುತ್ತಾನೆ. ಎದುರಿನಿಂದ ನುಗ್ಗಿಬರುತ್ತಿರುವ ಶ್ವೇತ ಪಡೆಯವರು ಓದು ಬರಹದ ಮನೆಗಳ ಹುಡುಗರು, ಅವನ ಪೈಕಿಯವರೇ ಎನ್ನಿಸುವ ಮುಖಗಳು. ಒಳಗೊಳಗೆ ಅವನ ಮನಸ್ಸು ಅವರ ಕಡೆಗಿದೆ, ಮೈ ಮಾತ್ರ ಕೆಂಪು ಪಡೆಯ ಸಾಲಿನಲ್ಲಿ ಮಲಗಿದೆ. ಪಕ್ಕದಲ್ಲಿದ್ದ ಟೆಲಿಫೋನಿನವನು ಗುಂಡು ತಗಲಿ ಸಾಯುತ್ತಾನೆ. ಸುಮ್ಮನೆ ನೋಡುತ್ತ ಮಲಗಿರಲಾರದೆ ಜಿವಾಗೊ ಅವನ ಬಂದೂಕು ಎತ್ತಿಕೊಳ್ಳುತ್ತಾನೆ. ಮನುಷ್ಯರಿಗೆ ಗುರಿಯಿಡಲು ಮನಸ್ಸು ಬಾರದು. ಬಯಲಿನ ನಡುವೆ ಸುಟ್ಟು ನಿಂತ ಒಂಟಿ ಮರವಿದೆ, ಅದಕ್ಕೆ ಗುರಿಯಿಟ್ಟು ಹೊಡೆಯುತ್ತಾನೆ. ಆದರೆ ಓಡಿಬರುವ ಹುಡುಗರು ಅವನಿಗೂ ಮರಕ್ಕೂ ನಡುವೆ ಬರುತ್ತಾರೆ. ಗುಂಡು ತಗಲುತ್ತದೆ.

ಕಾಳಗ ಮುಗಿದ ಮೇಲೆ ಸತ್ತ ಟೆಲಿಫೋನಿನವನ ಕೊರಳಲ್ಲಿ ಒಂದು ತಾಯಿತ ಸಿಗುತ್ತದೆ. ಒಳಗೆ ಮಡಿಸಿ ಮಡಿಸಿ ಸವೆದ ಕಾಗದ. ಗುಂಡಿನಿಂದ ಕಾಯುತ್ತದೆಂದು ಸಿಪಾಯಿಗಳು ನಂಬಿದ್ದ ಒಂದು ಕೀರ್ತನೆ, ಕೇಳಿದವರು ಕೇಳಿದಂತೆ ಗೀಚಿ ಅಕ್ಷರ ಕೆಟ್ಟುಹೋದ ಪ್ರತಿ. ಜಿವಾಗೊ ಅತ್ತ ಮರದ ಬಳಿ ಬಿದ್ದ ಶ್ವೇತ ಪಡೆಯ ಹುಡುಗನ ಬಳಿಗೆ ಹೋಗುತ್ತಾನೆ. ಯಾಕಾದರೂ ಕೊಂದೆನೋ ಎಂಬ ಸಂಕಟ. ಹುಡುಗನ ಎದೆಯ ಮೇಲೆ ಸರಕ್ಕೆ ಪೋಣಿಸಿದ ಚಿನ್ನದ ಪುಟ್ಟ ಕರಡಿಗೆ. ತೆರೆದರೆ ಅದೇ ಕೀರ್ತನೆ, ತಪ್ಪಿಲ್ಲದೆ ಅಂದವಾಗಿ ಅಚ್ಚಾಗಿರುವುದು. ಗುಂಡು ಕರಡಿಗೆಗೆ ತಗಲಿ ಜಾರಿದೆ, ಹುಡುಗ ಬದುಕಿದ್ದಾನೆ. ಅವನಿಗೆ ಸತ್ತ ಟೆಲಿಫೋನಿನವನ ಬಟ್ಟೆ ತೊಡಿಸಿ, ಯಾರಿಗೂ ತಿಳಿಯದಂತೆ ಆರೈಕೆ ಮಾಡುತ್ತಾರೆ. ಚೇತರಿಸಿಕೊಂಡ ಹುಡುಗ ಮರಳಿ ತನ್ನ ಪಡೆಗೇ ಹೋಗುತ್ತೇನೆಂದು ಮುಚ್ಚುಮರೆಯಿಲ್ಲದೆ ಹೇಳಿ ಹೊರಡುತ್ತಾನೆ.

ಇದನ್ನು ಸುಲಭವಾಗಿ ಓದುವ ದಾರಿಯೊಂದಿದೆ. ಎರಡು ಕಡೆಯವರೂ ಮನುಷ್ಯರೇ, ಇಬ್ಬರ ಕೊರಳಲ್ಲೂ ಒಂದೇ ಪ್ರಾರ್ಥನೆ ಎಂದು ಕಣ್ಣೊರೆಸಿಕೊಂಡು ಮುಂದೆ ಹೋಗುವುದು. ಪಾಸ್ತರ್ನಾಕ್ ಅಷ್ಟಕ್ಕೆ ಬಿಡುವುದಿಲ್ಲ. ಕೀರ್ತನೆ ಒಂದೇ, ಆದರೆ ಪ್ರತಿಗಳು ಬೇರೆ. ಬಡವನದು ಕೆಟ್ಟ ಅಕ್ಷರದ ಕಾಗದ, ಅವನನ್ನು ಅದು ಕಾಯಲಿಲ್ಲ. ಉಳ್ಳವನದು ಚಿನ್ನದ ಕರಡಿಗೆಯಲ್ಲಿದೆ, ಗುಂಡನ್ನು ತಡೆದದ್ದು ಕೀರ್ತನೆಯಲ್ಲ, ಲೋಹ. ಕ್ರಾಂತಿ ಯಾಕೆ ಬಂತು ಎಂಬುದಕ್ಕೆ ಇದಕ್ಕಿಂತ ಚಿಕ್ಕ ವಿವರಣೆಯನ್ನು ನಾನು ಕಂಡಿಲ್ಲ. 'ನೋವಿ ಮಿರ್'ನವರು ಇದನ್ನು ಕ್ರಾಂತಿವಿರೋಧಿ ಎಂದರು, ಸಿಐಎಯವರು ಮಾನವೀಯ ಎಂದರು. ಈ ಕಾಗದ ಮತ್ತು ಈ ಲೋಹದ ವ್ಯತ್ಯಾಸ ಇಬ್ಬರ ಲೆಕ್ಕಕ್ಕೂ ಬಂದಂತೆ ಕಾಣುವುದಿಲ್ಲ.

ಇನ್ನು ಆ ಮರ. ಯಾರ ಕಡೆಗೂ ಸೇರಲಾರೆ ಎನ್ನುವವನು ಹೊಡೆಯುವುದು ಮರಕ್ಕೇ. ಗುಂಡು ಮಾತ್ರ ಮನುಷ್ಯನಿಗೆ ತಗಲುತ್ತದೆ. ತಟಸ್ಥನಾದವನು ನಿರಪರಾಧಿಯಲ್ಲ ಎಂದು ಪಾಸ್ತರ್ನಾಕ್ ತನ್ನ ನಾಯಕನ ವಿರುದ್ಧವೇ ಬರೆದಿಟ್ಟಿದ್ದಾನೆ. ಅವನ ಸ್ವಂತ ಬದುಕಿನಲ್ಲೂ ಹಾಗೇ ಆಯಿತು. ಲಾರಾಳ ಪಾತ್ರಕ್ಕೆ ಪ್ರೇರಣೆಯಾದ ಓಲ್ಗಾ ಇವಿನ್‌ಸ್ಕಾಯಾ ಅವನ ಪ್ರೇಯಸಿಯಾಗಿದ್ದ ಕಾರಣಕ್ಕೆ 1949ರಲ್ಲೇ ಒಮ್ಮೆ ಜೈಲು ಕಂಡಿದ್ದಳು. ಅವನು ತೀರಿಕೊಂಡ ಕೆಲವೇ ತಿಂಗಳಲ್ಲಿ, ವಿದೇಶದಿಂದ ಬಂದ ಗೌರವಧನದ ನೆಪ ಹೇಳಿ ಅವಳನ್ನು ಮತ್ತೆ ಬಂಧಿಸಿದರು. ಎಂಟು ವರ್ಷದ ಶಿಕ್ಷೆ, ಬಿಡುಗಡೆ 1964ರಲ್ಲಿ. ಬ್ರಸೆಲ್ಸ್‌ನಲ್ಲಿ ಪುಸ್ತಕ ಹಂಚಿದವರ ಲೆಕ್ಕಪುಸ್ತಕದಲ್ಲಿ ಅವಳ ಹೆಸರು ಎಲ್ಲಿತ್ತು?

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಅಚ್ಚು ಹಾಕಿಸಿದ್ದು ಯಾರು? ಸಿಐಎ. ಆದರೆ ಆ ದುಡ್ಡು ಬರುವ ಮೊದಲೇ ಈ ದೃಶ್ಯ ಬರೆದಾಗಿತ್ತು. ಮರವೂ ಅಲ್ಲೇ ಇತ್ತು, ತಾಯಿತವೂ ಇತ್ತು. ದುಡ್ಡು ಅದರೊಳಗೆ ಕೈಹಾಕಲಿಲ್ಲ.

ಕೈಹಾಕಿದ ಉದಾಹರಣೆಯೂ ಇದೆ. ಆರ್ವೆಲ್‌ನ 'ಅನಿಮಲ್ ಫಾರ್ಮ್' 1944ರಲ್ಲಿ ಪ್ರಕಾಶಕರಿಗೆ ಬೇಡವಾಗಿತ್ತು. ಆಗ ರಷ್ಯಾ ಬ್ರಿಟನ್ನಿನ ಮಿತ್ರರಾಷ್ಟ್ರ. ತಿರಸ್ಕರಿಸಿದವರಲ್ಲಿ ಫೇಬರ್ ಸಂಸ್ಥೆಯಲ್ಲಿದ್ದ ಕವಿ ಟಿ.ಎಸ್. ಎಲಿಯಟ್ ಕೂಡ ಒಬ್ಬ. ಮಿತ್ರ ಶತ್ರುವಾದ ಮೇಲೆ ಅದೇ ಪುಸ್ತಕ ಎಲ್ಲರಿಗೂ ಬೇಕಾಯಿತು. ಆರ್ವೆಲ್ ತೀರಿಕೊಂಡ ಮೇಲೆ ಸಿಐಎಯ ಹಣದಿಂದ ಬ್ರಿಟನ್ನಿನಲ್ಲಿ ಅದರ ಅನಿಮೇಷನ್ ಚಿತ್ರ ತಯಾರಾಗಿ 1954ರಲ್ಲಿ ತೆರೆಕಂಡಿತು. ಪುಸ್ತಕದ ಕೊನೆಯಲ್ಲಿ ಪ್ರಾಣಿಗಳು ಕಿಟಕಿಯಿಂದ ಇಣುಕುತ್ತವೆ. ಒಳಗೆ ಹಂದಿಗಳೂ ಮನುಷ್ಯರೂ ಒಟ್ಟಿಗೆ ಕೂತಿದ್ದಾರೆ. ಯಾವುದು ಹಂದಿ, ಯಾರು ಮನುಷ್ಯ ಎಂದು ಗುರುತು ಹತ್ತುವುದಿಲ್ಲ. ಚಿತ್ರದ ಕೊನೆಯಲ್ಲಿ ಮನುಷ್ಯರೇ ಇಲ್ಲ. ಹಂದಿಗಳ ಮೇಲೆ ಪ್ರಾಣಿಗಳು ಮತ್ತೆ ದಂಗೆಯೆದ್ದು ಗೆಲ್ಲುತ್ತವೆ. ಆರ್ವೆಲ್ ಹಂದಿಯನ್ನೂ ಅದರ ಜೊತೆ ಕೂತ ಒಡೆಯನನ್ನೂ ಒಟ್ಟಿಗೆ ಕಂಡಿದ್ದ. ಚಿತ್ರಕ್ಕೆ ದುಡ್ಡು ಹಾಕಿದವರಿಗೆ ಹಂದಿ ಮಾತ್ರ ಬೇಕಿತ್ತು. ಇಲ್ಲಿ ದುಡ್ಡಿನ ಪ್ರಶ್ನೆ ಅಡಿಟಿಪ್ಪಣಿಯದ್ದಲ್ಲ, ಅದೇ ವಿಮರ್ಶೆಯ ಮೊದಲ ವಾಕ್ಯವಾಗಬೇಕು. ಏಕೆಂದರೆ ದುಡ್ಡು ಕೃತಿಯ ಅರ್ಥವನ್ನೇ ತಿದ್ದಿದೆ.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ಗುರುತಿಸಲು ಕಷ್ಟವಾದದ್ದು ಅದೇ. 1953ರಲ್ಲಿ ಲಂಡನ್ನಿನಲ್ಲಿ ಸ್ಟೀಫನ್ ಸ್ಪೆಂಡರ್ ಮತ್ತು ಇರ್ವಿಂಗ್ ಕ್ರಿಸ್ಟಲ್ 'ಎನ್‌ಕೌಂಟರ್' ಪತ್ರಿಕೆ ಶುರುಮಾಡಿದರು. ಅದನ್ನು ಪೋಷಿಸುತ್ತಿದ್ದ 'ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಮ್' ಸಂಸ್ಥೆಗೆ ಹಣ ಬರುತ್ತಿದ್ದದ್ದು ಸಿಐಎಯಿಂದ ಎಂಬುದು 1967ರ ಹೊತ್ತಿಗೆ ಬಯಲಾಯಿತು. ತನಗೆ ಗೊತ್ತಿರಲಿಲ್ಲವೆಂದು ಹೇಳಿ ಸ್ಪೆಂಡರ್ ರಾಜೀನಾಮೆ ಕೊಟ್ಟ. ಅದೇ ಸಂಸ್ಥೆಯ ಭಾರತದ ಶಾಖೆಯಿಂದ 1955ರಲ್ಲಿ ಮುಂಬೈಯಲ್ಲಿ ಹುಟ್ಟಿದ್ದು 'ಕ್ವೆಸ್ಟ್', ಅದರ ಮೊದಲ ಸಂಪಾದಕ ಕವಿ ನಿಸ್ಸಿಮ್ ಎಜೆಕಿಯೆಲ್. ಈ ಪತ್ರಿಕೆಗಳಲ್ಲಿ ಒಳ್ಳೆಯ ಕವಿತೆಗಳು, ಒಳ್ಳೆಯ ಪ್ರಬಂಧಗಳು ಬಂದಿವೆ. ಅವುಗಳ ಒಂದೊಂದು ಸಾಲನ್ನೂ ಯಾರೋ ಬರೆಸಿದರು ಎನ್ನುವುದು ಮೂರ್ಖತನ. ಇಂಥ ಕಡೆ ದುಡ್ಡಿನ ಗುರುತು ಅಚ್ಚಾದ ಸಾಲಿನಲ್ಲಿ ಸಿಗುವುದಿಲ್ಲ. ಅದನ್ನು ಅಚ್ಚಾಗದೆ ಉಳಿದದ್ದರಲ್ಲಿ ಹುಡುಕಬೇಕು.

ಇದು ನನಗೆ ಅರ್ಥವಾದದ್ದು ನಮ್ಮ ಮನೆಯ ಪೆಟ್ಟಿಗೆಯಿಂದ. ನನ್ನ ಅಜ್ಜ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಅವರ ತಗಡಿನ ಟ್ರಂಕಿನ ತುಂಬ ಸೋವಿಯತ್ ಪುಸ್ತಕಗಳು. ಗಟ್ಟಿ ರಟ್ಟು, ದಪ್ಪ ಕಾಗದ, ಚಹಾದ ಬೆಲೆಗೆ ಸಿಗುತ್ತಿದ್ದವು ಎಂದು ಅಜ್ಜ ಹೇಳುತ್ತಿದ್ದರು. ಗಾರ್ಕಿ, ಟಾಲ್‌ಸ್ಟಾಯ್, ಚೆಕಾವ್, ಮಕ್ಕಳ ಚಿತ್ರಕತೆಗಳು. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆಗಳು ಅಪ್ಪನ ಶಾಲೆಯ ಪುಸ್ತಕಗಳಿಗೆ ರಟ್ಟಾದವು. ನಾನು ಮೊದಲು ಓದಿದ ಚೆಕಾವ್ ಆ ಟ್ರಂಕಿನವನು. ಯಾವುದನ್ನೂ ಖಚಿತವಾಗಿ ಹೇಳಲು ಹಿಂಜರಿಯುವ ಆ ಲೇಖಕನನ್ನು, ಎಲ್ಲವನ್ನೂ ಖಚಿತವಾಗಿ ಹೇಳುತ್ತಿದ್ದ ಸರ್ಕಾರವೊಂದು ಅಗ್ಗದ ದರದಲ್ಲಿ ದಾವಣಗೆರೆಗೆ ಕಳಿಸಿಕೊಟ್ಟಿತ್ತು! ಅದರ ಉದ್ದೇಶ ಏನೇ ಇದ್ದಿರಲಿ, ಚೆಕಾವ್ ತನ್ನ ಕೆಲಸವನ್ನು ತಾನು ಮಾಡಿದ. ಆದರೆ ಆ ಟ್ರಂಕಿನಲ್ಲಿ ಪಾಸ್ತರ್ನಾಕ್ ಇರಲಿಲ್ಲ, ಬುಲ್ಗಾಕೊವ್ ಇರಲಿಲ್ಲ, ಅಖ್ಮತೊವಾ ಇರಲಿಲ್ಲ. ಹಾಗೊಬ್ಬರು ಇದ್ದಾರೆಂಬುದೇ ಅಜ್ಜನಿಗೆ ಗೊತ್ತಿರಲಿಲ್ಲ. ಜಗತ್ತಿನ ಸಾಹಿತ್ಯವೆಲ್ಲ ತನ್ನ ಟ್ರಂಕಿನಲ್ಲಿದೆ ಎಂದು ನಂಬಿಯೇ ಅವರು ತೀರಿಕೊಂಡರು.

ಇನ್ನೊಂದು ಕಡೆಯ ಕತೆಯನ್ನೂ ಹೇಳಬೇಕು. ಅರವತ್ತರ ದಶಕದ ಕನ್ನಡ ಕಾದಂಬರಿಯೊಂದನ್ನು ಹುಡುಕಿ ಇಲ್ಲಿನ ನಾಲ್ಕು ಗ್ರಂಥಾಲಯ ಅಲೆದೆ, ಸಿಗಲಿಲ್ಲ. ಕೊನೆಗೆ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಗೆಳತಿ ಅಲ್ಲಿನ ಗ್ರಂಥಾಲಯದಿಂದ ಪುಟಗಳನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಒಳಪುಟದಲ್ಲಿ 'ಪಿ.ಎಲ್. 480' ಎಂಬ ಗುರುತು. ಅದು 1954ರ ಅಮೆರಿಕದ ಕಾನೂನು. ಅದರಡಿ ಭಾರತ ಕೊಂಡ ಗೋಧಿಗೆ ರೂಪಾಯಿಯಲ್ಲೇ ಹಣ ಕಟ್ಟುತ್ತಿತ್ತು. ಇಲ್ಲೇ ಕೂಡಿಬಿದ್ದ ಆ ರೂಪಾಯಿಗಳ ಒಂದು ಪಾಲಿನಿಂದ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ದೇಶದ ಗ್ರಂಥಾಲಯಗಳಿಗೆ ಹಂಚಿತು. ನಾವು ತಿಂದ ಗೋಧಿಯ ಬೆಲೆಯಲ್ಲಿ ನಮ್ಮ ಕಾದಂಬರಿ ಕಡಲಾಚೆ ಹೋಗಿ ಉಳಿದುಕೊಂಡಿತು, ಇಲ್ಲಿ ಗೆದ್ದಲು ತಿಂದಿತು. ಈ ಪ್ರತಿಯನ್ನು ಸಾಮ್ರಾಜ್ಯಶಾಹಿಯ ಕುತಂತ್ರವೆಂದು ಬದಿಗಿಟ್ಟರೆ ನನ್ನ ಎರಡನೆಯ ಅಧ್ಯಾಯವೇ ಇಲ್ಲ.

ಈ ಅನುಭವಗಳಾದ ಮೇಲೆ, ನಮ್ಮ ಪ್ರಗತಿಶೀಲ–ನವ್ಯ ಜಗಳವನ್ನು ಮಾಸ್ಕೋ–ವಾಷಿಂಗ್ಟನ್ ಜಗಳದ ನೆರಳೆಂದು ಒಂದೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಅನುಮಾನ. ನಿರಂಜನರ 'ಚಿರಸ್ಮರಣೆ'ಯ ಹಿಂದಿರುವ ಕಯ್ಯೂರಿನ ನಾಲ್ವರು ರೈತರನ್ನು ಗಲ್ಲಿಗೇರಿಸಿದ್ದು 1943ರಲ್ಲಿ, ಆರ್ವೆಲ್ ಆ ಮಾತನ್ನು ಬಳಸುವ ಎರಡು ವರ್ಷ ಮೊದಲು. ಅದೇ ನಿರಂಜನರ ಸಂಪಾದಕತ್ವದಲ್ಲಿ, ಸೋವಿಯತ್ ಪುಸ್ತಕಗಳನ್ನು ನಮ್ಮ ಊರುಗಳಿಗೆ ಮುಟ್ಟಿಸುತ್ತಿದ್ದ ನವಕರ್ನಾಟಕವೇ ಹಲವು ದೇಶಗಳ ಕತೆಗಳ 'ವಿಶ್ವಕಥಾಕೋಶ'ವನ್ನು 25 ಸಂಪುಟಗಳಲ್ಲಿ ಹೊರತಂದಿತು. ಅಜ್ಜನ ಟ್ರಂಕಿನ ಬಾಗಿಲನ್ನು ಅಗಲ ಮಾಡಿದ ಕೆಲಸ ಅದು. ಜಗಳ ನಮ್ಮದೇ, ಹಸಿವು ನಮ್ಮದೇ. ಕಾಗದ ಎಲ್ಲಿಂದ ಬಂತು ಎನ್ನುವುದು ಬೇರೆ ವಿಚಾರ.

ಹಾಗೆಂದು ಅದು ಮುಖ್ಯವಲ್ಲದ ವಿಚಾರವೇನಲ್ಲ. ಅಂದು ಸಭೆಯಲ್ಲಿ ನಾನು ಮಾಡಿದ ತಪ್ಪು ಇದೇ ಎಂದು ಈಗ ಅನ್ನಿಸುತ್ತದೆ. ಹಿರಿಯರು ದುಡ್ಡಿನ ಮೂಲವನ್ನು ತೀರ್ಪಾಗಿ ಬಳಸಿದರು. ನಾನು ಅದನ್ನು ಅಡಿಟಿಪ್ಪಣಿಯಲ್ಲಿ ಹೂತಿಟ್ಟೆ. ಎರಡೂ ಓದದೆ ಪಾರಾಗುವ ದಾರಿಗಳೇ. ದುಡ್ಡು ಕೃತಿಯನ್ನು ತಿದ್ದಿತೇ, ಬರಿದೆ ಮುಟ್ಟಿಸಿತೇ, ಇಲ್ಲ ಬೇರೊಂದನ್ನು ನಮ್ಮಿಂದ ಮರೆಮಾಡಿತೇ ಎಂದು ಪ್ರತಿಸಲವೂ ಕೃತಿಯ ಮುಂದೆ ಕೂತೇ ಕೇಳಬೇಕು. ಒಂದು ಪುಸ್ತಕಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಅಧ್ಯಾಯವನ್ನು ತಿದ್ದಿದ್ದೇನೆ. ಸಿಐಎಯ ಮಾತು ಅಡಿಟಿಪ್ಪಣಿಯಿಂದ ಮೇಲೆ ಬಂದು ಮೂರನೆಯ ಪುಟದಲ್ಲಿದೆ. ಓಲ್ಗಾ ಇವಿನ್‌ಸ್ಕಾಯಾಳ ಜೈಲು ಅದರ ಪಕ್ಕದಲ್ಲೇ ಇದೆ. ಸುಟ್ಟ ಮರದ ದೃಶ್ಯಕ್ಕೆ ಇನ್ನೂ ನಾಲ್ಕು ಪುಟ ಸೇರಿವೆ. ಮುಂದಿನ ತಿಂಗಳು ಮತ್ತೆ ಅದೇ ಸಭೆ. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಒಂದು ಕೋರಿಕೆ ಇಡಬೇಕೆಂದಿದ್ದೇನೆ: ಸರ್, ಆ ಎರಡು ತಾಯಿತಗಳ ಭಾಗವನ್ನು ಒಮ್ಮೆ ಓದಿ, ಆಮೇಲೆ ಮಾತಾಡೋಣ.